ಕಂಪ್ಯೂಟರ್ ಎಲ್ಲಿ ನಿಂತಿತು?



ಕಂಪ್ಯೂಟರ್ ಕೈಕೊಟ್ಟಾಗ ರಿಪೇರಿಯವರಿಗೆ ಫೋನ್ ಮಾಡಿ ನಾವು ಹೇಳುವುದು ಒಂದೇ ಮಾತು: ‘ಆನ್ ಆಗ್ತಾ ಇಲ್ಲ, ಬಂದು ನೋಡಿ.’ ಫ್ಯಾನೇ ತಿರುಗದಿದ್ದರೂ ಇದೇ ಮಾತು. ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಉಳಿದರೂ ಇದೇ ಮಾತು. ತಯಾರಕರ ಚಿಹ್ನೆ ಮೂಡಿ, ಅದರ ಕೆಳಗೆ ಚುಕ್ಕಿಗಳು ಸುತ್ತುತ್ತ ಅಲ್ಲೇ ನಿಂತುಬಿಟ್ಟರೂ ಇದೇ ಮಾತು. ನಿಜಕ್ಕೂ ಇವು ಮೂರು ಬೇರೆ ಬೇರೆ ತೊಂದರೆಗಳು. ಮೊದಲನೆಯದು ಹೆಚ್ಚಾಗಿ ವಿದ್ಯುತ್ತಿನದು. ಎರಡನೆಯದು ಸಾಮಾನ್ಯವಾಗಿ ರ‍್ಯಾಮಿನದೋ ಮದರ್‌ಬೋರ್ಡಿನದೋ ಆಗಿರುತ್ತದೆ. ಮೂರನೆಯದು ಡಿಸ್ಕಿನದು, ಇಲ್ಲವೇ ಅದರಲ್ಲಿರುವ ವಿಂಡೋಸಿನದು. ಮಗಳ ಮದುವೆಯ ಫೋಟೋ, ಸಂಘದ ಲೆಕ್ಕಪತ್ರ, ಅರ್ಧ ಬರೆದಿಟ್ಟ ಪ್ರಬಂಧ, ಇವೆಲ್ಲ ಇರುವುದು ಡಿಸ್ಕಿನಲ್ಲಿ. ಮೊದಲ ಎರಡು ತೊಂದರೆಗಳಲ್ಲಿ ಯಂತ್ರ ಇನ್ನೂ ಆ ಡಿಸ್ಕಿನ ತಂಟೆಗೇ ಹೋಗಿರುವುದಿಲ್ಲ. ಆದರೂ ‘ಫಾರ್ಮ್ಯಾಟ್ ಹೊಡೀಬೇಕು’ ಎಂದು ರಿಪೇರಿಯವರು ಹೇಳಿದ ಕೂಡಲೇ ತಲೆಯಾಡಿಸಿ, ವರ್ಷಗಳಿಂದ ಕೂಡಿಟ್ಟದ್ದನ್ನೆಲ್ಲ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ನನಗೆ ಇದು ಸಂಕಟದ ವಿಷಯ. ಗುಂಡಿ ಒತ್ತಿದ ಮೇಲೆ ಒಳಗೆ ಯಾವುದರ ನಂತರ ಯಾವುದು ನಡೆಯುತ್ತದೆ ಎಂದು ತಿಳಿದಿದ್ದರೆ ಈ ನಷ್ಟದಲ್ಲಿ ಎಷ್ಟೋ ಪಾಲನ್ನು ತಪ್ಪಿಸಬಹುದು.

ಮೊದಲು ಆ ಗುಂಡಿಯ ವಿಚಾರವನ್ನೇ ನೋಡೋಣ. ಹಳೆಯ ಯಂತ್ರಗಳಲ್ಲಿ ಅದು ಕರೆಂಟನ್ನು ನೇರವಾಗಿ ಕೂಡಿಸಿ ಕಡಿಯುವ ಸ್ವಿಚ್ಚೇ ಆಗಿತ್ತು. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಮಾದರಿಯನ್ನು ಹೊರತಂದ ಮೇಲೆ ಗುಂಡಿಯ ಕೆಲಸ ಬದಲಾಯಿತು. ಈಗ ಅದು ಮದರ್‌ಬೋರ್ಡಿಗೆ ಒಂದು ಸನ್ನೆ ಕೊಡುತ್ತದೆ, ಅಷ್ಟೆ. ಆ ಸನ್ನೆಯನ್ನು ಗಮನಿಸಲು ಒಳಗೆ ಏನಾದರೂ ಎಚ್ಚರವಾಗಿರಬೇಕಲ್ಲ? ಅದಕ್ಕಾಗಿ ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತೂ ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ 5 ವೋಲ್ಟಿನ ಒಂದು ಸಣ್ಣ ಹರಿವನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಕಂಪ್ಯೂಟರ್ ಆಫ್ ಆಗಿದೆ ಎಂದು ನಾವು ತಿಳಿದಾಗಲೂ ಅದು ಪೂರ್ತಿ ಆಫ್ ಆಗಿರುವುದಿಲ್ಲ. ಕ್ಯಾಬಿನೆಟ್ ಬಿಚ್ಚುವ ಮೊದಲು ಪ್ಲಗ್ಗನ್ನೇ ಕಿತ್ತುಬಿಡಿ ಎಂದು ಬಲ್ಲವರು ಹೇಳುವುದು ಇದಕ್ಕೇ.

ಸನ್ನೆ ಸಿಕ್ಕಿದ ಕೂಡಲೇ ಎಸ್‌ಎಂಪಿಎಸ್ ಮನೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಮಾರ್ಪಡಿಸತೊಡಗುತ್ತದೆ. ಆ ವೋಲ್ಟೇಜುಗಳು ಒಂದು ಮಟ್ಟಕ್ಕೆ ಬಂದು ನಿಲ್ಲಲು ಸ್ವಲ್ಪ ಸಮಯ ಬೇಕು. ಅಲ್ಲಿಯವರೆಗೆ ಬೋರ್ಡು ಪ್ರೊಸೆಸರನ್ನು ರಿಸೆಟ್ ಸ್ಥಿತಿಯಲ್ಲೇ ತಡೆಹಿಡಿದಿರುತ್ತದೆ. ಎಲ್ಲವೂ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಎಸ್‌ಎಂಪಿಎಸ್ ‘ಪವರ್ ಗುಡ್’ ಎಂಬ ಸಂಕೇತವನ್ನು ಒಂದು ತಂತಿಯ ಮೂಲಕ ಕಳಿಸುತ್ತದೆ. ಇದಕ್ಕೆ ಹಿಡಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡು. ಎಸ್‌ಎಂಪಿಎಸ್ ಹಳತಾಗಿ ವೋಲ್ಟೇಜ್ ಕುಸಿಯುತ್ತಿದ್ದರೆ ಈ ಸಂಕೇತವೇ ಬರುವುದಿಲ್ಲ. ಫ್ಯಾನ್ ಒಮ್ಮೆ ಅಲುಗಿ ನಿಂತುಬಿಡುವ ಯಂತ್ರಗಳು ಎಷ್ಟೋ ಸಲ ನಿಂತಿರುವುದು ಇಲ್ಲೇ.

ಸಂಕೇತ ಬಂತು, ಪ್ರೊಸೆಸರ್ ಬಿಡುಗಡೆಯಾಯಿತು ಎನ್ನಿ. ಈ ಗಳಿಗೆಯಲ್ಲಿ ಅದಕ್ಕೆ ಡಿಸ್ಕ್ ಇದೆ ಎಂದು ಗೊತ್ತಿಲ್ಲ, ಕೀಬೋರ್ಡ್ ಇದೆ ಎಂದು ಗೊತ್ತಿಲ್ಲ, ಪರದೆ ಎಂದರೇನೆಂದೂ ಗೊತ್ತಿಲ್ಲ. ಗೊತ್ತಿರುವುದು ಒಂದೇ ಒಂದು ವಿಳಾಸ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದ ಹೊಸಬನ ಜೇಬಿನಲ್ಲಿ ಒಂದೇ ವಿಳಾಸದ ಚೀಟಿ ಇದ್ದಂತೆ ಅದರ ಸ್ಥಿತಿ. ಮುಂದಿನ ದಾರಿಯನ್ನು ಆ ಮನೆಯವರನ್ನೇ ಕೇಳಬೇಕು.

ಆ ವಿಳಾಸ ಯಾವುದು ಎಂಬುದು 1978ರಲ್ಲಿ ಇಂಟೆಲ್ 8086 ಪ್ರೊಸೆಸರನ್ನು ಹೊರತಂದಾಗಲೇ ನಿರ್ಧಾರವಾಗಿತ್ತು. ಅದು ತಲುಪಬಲ್ಲ ನೆನಪಿನ ಜಾಗ ಒಟ್ಟು 10,48,576 ಬೈಟುಗಳು. ಅದರ ಕೊನೆಗೆ ಸರಿಯಾಗಿ 16 ಬೈಟು ಉಳಿದಿರುವಲ್ಲಿ ಮೊದಲ ಆಜ್ಞೆ ಇರಬೇಕು ಎಂಬುದು ನಿಯಮ. 16 ಬೈಟಿನಲ್ಲಿ ಎಷ್ಟು ತಾನೇ ಹಿಡಿಸೀತು? ‘ಇಂಥಲ್ಲಿಗೆ ನೆಗೆ’ ಎಂಬ ಒಂದು ಆಜ್ಞೆಯನ್ನು ಇಟ್ಟರೆ ಮುಗಿಯಿತು. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಜನರ ಮುಂದಿಟ್ಟಾಗ, ಅದರಲ್ಲಿದ್ದ 8088 ಪ್ರೊಸೆಸರೂ ಇದೇ ನಿಯಮ ಪಾಲಿಸಿತು. ನೆಗೆಯುವ ಆಜ್ಞೆ ಮುಗಿದು ಉಳಿದ ಕೆಲವೇ ಬೈಟುಗಳಲ್ಲಿ ಎಂಜಿನಿಯರುಗಳು ಒಂದು ತಾರೀಖನ್ನು ಬರೆದಿಟ್ಟಿದ್ದರು: 1981ರ ಏಪ್ರಿಲ್ 24. ಅದು ಆ ಚಿಪ್ಪಿನಲ್ಲಿದ್ದ ಪ್ರೋಗ್ರಾಮಿನ ತಾರೀಖು. ಇವತ್ತಿನ ಇಂಟೆಲ್ ಪ್ರೊಸೆಸರುಗಳಲ್ಲಿ ವಿಳಾಸ 4 ಗಿಗಾಬೈಟಿನ ಅಂಚಿಗೆ ಸರಿದಿದೆ. ಆದರೆ ಅಂಚಿನಿಂದ 16 ಬೈಟು ಹಿಂದೆ ಎಂಬ ಲೆಕ್ಕ ಹಾಗೆಯೇ ಉಳಿದಿದೆ. ಇಷ್ಟು ಬದಲಾದ ಲೋಕದಲ್ಲಿ ಈ ಒಂದು ಸಂಗತಿ ಕದಲದೆ ನಿಂತಿರುವುದು ನನಗೆ ಬಹಳ ಇಷ್ಟವಾದ ವಿಷಯ.

ಆ ವಿಳಾಸದಲ್ಲಿರುವ ಪ್ರೋಗ್ರಾಮಿಗೆ ಬಯೋಸ್ ಎಂದು ಹೆಸರು. ಕರೆಂಟ್ ಹೋದರೂ ಅಳಿಯದ ಚಿಪ್ಪೊಂದರಲ್ಲಿ ಅದು ಇರುತ್ತದೆ. ಈಗಿನ ಯಂತ್ರಗಳಲ್ಲಿ ಅದರ ಜಾಗಕ್ಕೆ ಯುಇಎಫ್‌ಐ ಬಂದಿದ್ದರೂ ಅಂಗಡಿಯವರ ಬಾಯಲ್ಲಿ ಇಂದಿಗೂ ಬಯೋಸೇ. ಅದರ ಮುಂದೆ ಮೊದಲಿಗೇ ಒಂದು ಇಕ್ಕಟ್ಟು ಇದೆ. ಪ್ರೋಗ್ರಾಮ್ ಓಡಲು ಯಂತ್ರದ ನೆನಪಾದ ರ‍್ಯಾಮ್ ಬೇಕು. ರ‍್ಯಾಮ್ ಕೆಲಸ ಮಾಡಬೇಕಾದರೆ ಅದನ್ನು ಹದಗೊಳಿಸುವ ಪ್ರೋಗ್ರಾಮ್ ಮೊದಲು ಓಡಬೇಕು. ಈಗಿನ ರ‍್ಯಾಮ್ ಎಷ್ಟು ವೇಗದ್ದೆಂದರೆ, ಒಂದೊಂದು ತಂತಿಯಲ್ಲೂ ಸಂಕೇತ ಯಾವ ಗಳಿಗೆಗೆ ಬಂದು ಮುಟ್ಟುತ್ತದೆ ಎಂದು ಅಳೆದು ಹೊಂದಿಸದೆ ಅದರಿಂದ ಒಂದಕ್ಷರವನ್ನೂ ನಂಬಿ ಓದುವಂತಿಲ್ಲ. ಹಾಗಾದರೆ ಈ ಹೊಂದಿಸುವ ಪ್ರೋಗ್ರಾಮ್ ತನ್ನ ಲೆಕ್ಕಗಳನ್ನು ಎಲ್ಲಿ ಇಟ್ಟುಕೊಳ್ಳುತ್ತದೆ? ಪ್ರೊಸೆಸರಿನ ಒಳಗೇ ಕ್ಯಾಶ್ ಎಂಬ ಪುಟ್ಟ ನೆನಪು ಇರುತ್ತದೆ. ಅನೇಕ ಯಂತ್ರಗಳಲ್ಲಿ ಬಯೋಸ್ ಅದನ್ನೇ ತಾತ್ಕಾಲಿಕವಾಗಿ ರ‍್ಯಾಮಿನಂತೆ ಬಳಸಿಕೊಂಡು, ನಿಜವಾದ ರ‍್ಯಾಮನ್ನು ಸಿದ್ಧಗೊಳಿಸಿ, ಆಮೇಲೆ ಅದಕ್ಕೆ ವಾಸ ಬದಲಿಸುತ್ತದೆ. ಡಿಡಿಆರ್5 ರ‍್ಯಾಮ್ ಹಾಕಿದ ಹೊಸ ಯಂತ್ರ ಮೊದಲ ಸಲ ಏಳುವಾಗ ಈ ಹೊಂದಾಣಿಕೆಗೇ ಕೆಲವು ನಿಮಿಷ ಹಿಡಿಯಬಹುದು. ಅಷ್ಟು ಹೊತ್ತು ಪರದೆ ಕಪ್ಪಾಗಿರುತ್ತದೆ. ಗಾಬರಿಯಿಂದ ನಡುವೆಯೇ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ದಯವಿಟ್ಟು ಕಾಯಿರಿ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಇತ್ತೀಚಿನ ಬಹುಪಾಲು ಯಂತ್ರಗಳಲ್ಲಿ ಮುಖ್ಯ ಪ್ರೊಸೆಸರಿಗಿಂತ ಮೊದಲೇ ಮತ್ತೊಂದು ಪುಟ್ಟ ಪ್ರೊಸೆಸರ್ ಕೆಲಸ ಶುರು ಮಾಡಿರುತ್ತದೆ. ಇಂಟೆಲ್ ಅದನ್ನು ಮ್ಯಾನೇಜ್‌ಮೆಂಟ್ ಎಂಜಿನ್ ಎನ್ನುತ್ತದೆ, ಎಎಂಡಿಯಲ್ಲಿ ಅದಕ್ಕೆ ಬೇರೆ ಹೆಸರು. ಅದರೊಳಗೆ ಓಡುವ ಪ್ರೋಗ್ರಾಮನ್ನು ಯಂತ್ರ ಕೊಂಡವರು ಓದಿ ಪರೀಕ್ಷಿಸುವಂತಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತುವಿನಲ್ಲಿ ಎಲ್ಲಕ್ಕಿಂತ ಮೊದಲು ಓಡುವ ಭಾಗವೇ ನಮಗೆ ಮುಚ್ಚಿದ ಬಾಗಿಲಾಗಿರುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ರ‍್ಯಾಮ್ ಸಿದ್ಧವಾದ ಮೇಲೆ ಬಯೋಸ್ ಒಂದೊಂದೇ ಭಾಗವನ್ನು ಪರೀಕ್ಷಿಸುತ್ತದೆ. ಇದಕ್ಕೆ ಪೋಸ್ಟ್ ಎನ್ನುತ್ತಾರೆ. ಪರದೆಯಲ್ಲಿ ಏನನ್ನಾದರೂ ತೋರಿಸಬೇಕಾದರೆ ಮೊದಲು ಗ್ರಾಫಿಕ್ಸ್ ಕೆಲಸ ಮಾಡಬೇಕು. ಅದಕ್ಕೂ ಮೊದಲೇ ದೋಷ ಸಿಕ್ಕಿದರೆ ತಿಳಿಸುವುದು ಹೇಗೆ? ಅದಕ್ಕೇ ಆ ಬೀಪ್ ಸದ್ದು. ಹಳೆಯ ಯಂತ್ರಗಳಲ್ಲಿ ಒಂದು ಚಿಕ್ಕ ಬೀಪ್ ಎಂದರೆ ಎಲ್ಲ ಸರಿ. ಉದ್ದನೆಯ ಬೀಪ್ ಬಿಟ್ಟು ಬಿಟ್ಟು ಬರುತ್ತಿದ್ದರೆ ಹಲವು ಮಾದರಿಗಳಲ್ಲಿ ಅದು ರ‍್ಯಾಮಿನ ದೂರು. ಆಗ ರಿಪೇರಿಯವರು ರ‍್ಯಾಮನ್ನು ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಮತ್ತೆ ಕೂರಿಸುತ್ತಾರೆ. ನೋಡುವವರಿಗೆ ಕೈಚಳಕ ಅನ್ನಿಸಬಹುದು. ಸಂಪರ್ಕದ ಮೇಲೆ ಕೂತ ಕೊಳೆ ಹೋಗಿ ಯಂತ್ರ ಎದ್ದದ್ದೂ ಉಂಟು. ಬೀಪ್ ಸ್ಪೀಕರ್ ಇಲ್ಲದ ಹೊಸ ಬೋರ್ಡುಗಳಲ್ಲಿ ಅದರ ಬದಲಿಗೆ ನಾಲ್ಕು ಪುಟ್ಟ ದೀಪಗಳಿರುವುದುಂಟು: ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್. ಯಾವುದು ಹೊತ್ತಿಕೊಂಡೇ ಉಳಿಯುತ್ತದೋ ಯಂತ್ರ ಅಲ್ಲಿ ನಿಂತಿದೆ.

ಐಬಿಎಂನ ಮೊದಲ ಬಯೋಸ್ ಬರೆದವರಲ್ಲಿ ಡೇವಿಡ್ ಬ್ರಾಡ್ಲಿ ಮುಖ್ಯರು. ಫ್ಲಾರಿಡಾದ ಬೋಕಾ ರೇಟನ್ನಿನಲ್ಲಿ ಆ ಯಂತ್ರವನ್ನು ರೂಪಿಸುತ್ತಿದ್ದ ಸಣ್ಣ ತಂಡದ ಎಂಜಿನಿಯರ್ ಅವರು. ಬರೆದ ಪ್ರೋಗ್ರಾಮ್ ಸಿಕ್ಕಿಹಾಕಿಕೊಂಡಾಗಲೆಲ್ಲ ಯಂತ್ರವನ್ನು ಆರಿಸಿ ಹಚ್ಚಬೇಕಿತ್ತು, ಹಚ್ಚಿದಾಗಲೆಲ್ಲ ನೆನಪಿನ ಪರೀಕ್ಷೆ ಮುಗಿಯುವ ತನಕ ಕಾಯಬೇಕಿತ್ತು. ಇದನ್ನು ತಪ್ಪಿಸಲು ಬ್ರಾಡ್ಲಿ ಒಂದು ಉಪಾಯ ಮಾಡಿದರು. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬಯೋಸ್ ನೆನಪಿನ ಒಂದು ನಿಗದಿತ ಜಾಗದಲ್ಲಿ 1234 ಎಂಬ ಗುರುತು ಬರೆದು ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಆರಂಭದಲ್ಲಿ ಆ ಗುರುತು ಕಂಡರೆ ನೆನಪಿನ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗುತ್ತದೆ. ಕೈತಪ್ಪಿ ಒತ್ತಿಬಿಡದಿರಲಿ ಎಂದು ಕೀಲಿಗಳನ್ನು ದೂರ ದೂರ ಆರಿಸಿದರು: ಕಂಟ್ರೋಲ್, ಆಲ್ಟ್, ಡಿಲೀಟ್. ತಂಡದವರ ಅನುಕೂಲಕ್ಕೆ ಮಾಡಿಕೊಂಡ ಈ ಏರ್ಪಾಟು ಲೋಕಕ್ಕೆಲ್ಲ ಹಬ್ಬಿತು.

ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಒಂದು ಬ್ಯಾಟರಿ ಇರುತ್ತದೆ. ಪ್ಲಗ್ ಕಿತ್ತರೂ ಗಡಿಯಾರ ನಡೆಯುವುದು ಅದರಿಂದ. ಮೊದಲ ಐಬಿಎಂ ಪಿಸಿಯಲ್ಲಿ ಅದು ಇರಲಿಲ್ಲ. ಹಚ್ಚಿದಾಗಲೆಲ್ಲ ಆಗಿನ ಕಾರ್ಯವ್ಯವಸ್ಥೆಯಾದ ಡಾಸ್ ತಾರೀಖು ಏನು, ಗಂಟೆ ಎಷ್ಟು ಎಂದು ಕೇಳುತ್ತಿತ್ತು. 1984ರ ಪಿಸಿ ಎಟಿ ಮಾದರಿಯಲ್ಲಿ ಬ್ಯಾಟರಿಯ ಗಡಿಯಾರ ಬಂತು. ಈ ಬ್ಯಾಟರಿ ತೀರಿದರೆ ಆಗುವ ಫಜೀತಿ ವಿಚಿತ್ರ. ಯಂತ್ರ ಏಳುತ್ತದೆ, ವಿಂಡೋಸ್ ಬರುತ್ತದೆ, ಇಂಟರ್ನೆಟ್ಟೂ ಇರುತ್ತದೆ, ಆದರೆ ಬ್ಯಾಂಕಿನ ಪುಟ ತೆರೆಯುವುದಿಲ್ಲ. ಕಾರಣ, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಬ್ಯಾಂಕಿನ ಜಾಲತಾಣ ತೋರಿಸುವ ಭದ್ರತಾ ಪತ್ರದ ಅವಧಿ ಆ ತಾರೀಖಿಗೆ ಇನ್ನೂ ಶುರುವೇ ಆಗಿರುವುದಿಲ್ಲವಾದ್ದರಿಂದ ಬ್ರೌಸರ್ ಅದನ್ನು ನಂಬುವುದಿಲ್ಲ. ಬದಲಿಸಬೇಕಾದ್ದು ಆ ಸಣ್ಣ ಬ್ಯಾಟರಿಯನ್ನು, ಅದಕ್ಕೆ ವಿಂಡೋಸನ್ನು ಮತ್ತೆ ಹಾಕಬೇಕಾಗಿಲ್ಲ.

ಬಯೋಸಿನ ಬಗ್ಗೆ ಹೇಳುತ್ತ ಒಂದು ಚರಿತ್ರೆಯನ್ನು ಬಿಟ್ಟರೆ ತಪ್ಪಾಗುತ್ತದೆ. ಐಬಿಎಂ ತನ್ನ ಯಂತ್ರವನ್ನು ಬಹುಮಟ್ಟಿಗೆ ಮಾರುಕಟ್ಟೆಯಲ್ಲಿ ಯಾರಿಗಾದರೂ ಸಿಗುವ ಬಿಡಿಭಾಗಗಳಿಂದಲೇ ಕಟ್ಟಿತ್ತು. ತನ್ನದೇ ಎಂದು ಹೇಳಿಕೊಳ್ಳಬಹುದಾಗಿದ್ದದ್ದು ಮುಖ್ಯವಾಗಿ ಬಯೋಸ್. ಅದನ್ನೂ ಅದು ಮುಚ್ಚಿಡಲಿಲ್ಲ. ತಾಂತ್ರಿಕ ಕೈಪಿಡಿಯಲ್ಲಿ ಸಾಲು ಸಾಲಾಗಿ ಅಚ್ಚು ಹಾಕಿಸಿತು. ಯಾರು ಬೇಕಾದರೂ ಓದಬಹುದಿತ್ತು, ಆದರೆ ಹಕ್ಕುಸ್ವಾಮ್ಯ ಇದ್ದುದರಿಂದ ಯಾರೂ ನಕಲು ಮಾಡುವಂತಿರಲಿಲ್ಲ. ಅಲ್ಲದೆ ಒಮ್ಮೆ ಓದಿದವರು ತಾವೇ ಬರೆದರೂ ‘ನೋಡಿ ಬರೆದದ್ದು’ ಎನ್ನಿಸಿಕೊಳ್ಳುವ ಅಪಾಯ ಬೇರೆ. 1982ರಲ್ಲಿ ಹೂಸ್ಟನ್ನಿನಲ್ಲಿ ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್ ಮತ್ತು ಬಿಲ್ ಮುರ್ಟೊ ಎಂಬ ಮೂವರು ಕಾಂಪ್ಯಾಕ್ ಕಂಪನಿ ಕಟ್ಟಿದರು. ಅವರು ಹಿಡಿದ ದಾರಿ ಪರಿಶ್ರಮದ್ದು, ಪ್ರಾಮಾಣಿಕವಾದದ್ದು. ಒಂದು ಗುಂಪು ಐಬಿಎಂನ ಸಾಲುಗಳನ್ನು ಓದಿ, ಬಯೋಸ್ ಏನೇನು ಮಾಡುತ್ತದೆ ಎಂಬುದನ್ನಷ್ಟೇ ಬರೆದುಕೊಟ್ಟಿತು. ಆ ಸಾಲುಗಳನ್ನು ಕಣ್ಣಿನಿಂದಲೂ ನೋಡದ ಇನ್ನೊಂದು ಗುಂಪು ಆ ವಿವರಣೆಯೊಂದನ್ನೇ ಇಟ್ಟುಕೊಂಡು ಹೊಸ ಬಯೋಸ್ ಬರೆಯಿತು. ಅದೇ ವರ್ಷದ ನವೆಂಬರಿನಲ್ಲಿ ಕಾಂಪ್ಯಾಕ್ ತನ್ನ ಹೊತ್ತೊಯ್ಯಬಲ್ಲ ಯಂತ್ರವನ್ನು ಪ್ರಕಟಿಸಿತು. 1984ರಲ್ಲಿ ಫೀನಿಕ್ಸ್ ಕಂಪನಿ ಇದೇ ರೀತಿ ಬರೆಸಿದ ಬಯೋಸನ್ನು ದುಡ್ಡು ಕೊಟ್ಟ ಎಲ್ಲರಿಗೂ ಕೊಡತೊಡಗಿತು. ಅಲ್ಲಿಂದ ಪಿಸಿ ಒಂದು ಕಂಪನಿಯ ಸ್ವತ್ತಾಗಿ ಉಳಿಯಲಿಲ್ಲ. ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿ ಕೊಡುವ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳು ಬದುಕಿದ್ದು ಈ ಬಾಗಿಲು ತೆರೆದದ್ದರಿಂದಲೇ.

ಈಗ ಮುಂದಿನ ಹೆಜ್ಜೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಬಯೋಸ್ ಡಿಸ್ಕಿನ ಕಡೆ ತಿರುಗುತ್ತದೆ. ಹಳೆಯ ಪದ್ಧತಿಯಲ್ಲಿ ಅದು ಓದುತ್ತಿದ್ದದ್ದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ಸೆಕ್ಟರನ್ನು ಮಾತ್ರ. ಅದರಲ್ಲಿ ಮುಂದಿನ ಪ್ರೋಗ್ರಾಮಿಗೆ 446 ಬೈಟು, ಡಿಸ್ಕನ್ನು ಹೇಗೆ ಹಂಚಿದೆ ಎಂಬ ಪಟ್ಟಿಗೆ 64, ಕೊನೆಯಲ್ಲಿ ಗುರುತಿಗೆ 2. ಆ ಎರಡು ಬೈಟುಗಳಲ್ಲಿ 85 ಮತ್ತು 170 ಎಂಬ ಅಂಕಿಗಳಿದ್ದರೆ ಸಾಕಿತ್ತು, ಉಳಿದದ್ದನ್ನು ಯಾರು ಬರೆದರು, ಅದು ಏನು ಮಾಡುತ್ತದೆ ಎಂದು ಕೇಳದೆ ಬಯೋಸ್ ಯಂತ್ರವನ್ನೇ ಅದರ ಕೈಗೆ ಒಪ್ಪಿಸಿಬಿಡುತ್ತಿತ್ತು.

ಇಷ್ಟು ಕುರುಡು ನಂಬಿಕೆಯ ಫಲ ಬೇಗನೆ ಕಂಡಿತು. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ಬರೆದ ಬ್ರೇನ್ ಎಂಬ ವೈರಸ್ ಫ್ಲಾಪಿಗಳ ಮೊದಲ ಸೆಕ್ಟರಿನಲ್ಲಿ ಕೂತು ಪ್ರಪಂಚ ಸುತ್ತಿತು. ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಅದೇ ಎನ್ನುತ್ತಾರೆ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ಇನ್ನೊಂದು ವೈರಸ್ ಕೆಲವು ಬಗೆಯ ಯಂತ್ರಗಳಲ್ಲಿ ಬಯೋಸ್ ಚಿಪ್ಪನ್ನೇ ಅಳಿಸಿಹಾಕಿತು. ಪ್ರೊಸೆಸರ್ ತನಗೆ ಗೊತ್ತಿದ್ದ ಒಂದೇ ವಿಳಾಸಕ್ಕೆ ಹೋದರೆ ಅಲ್ಲಿ ಅರ್ಥವಾಗುವಂಥದ್ದು ಏನೂ ಉಳಿದಿರಲಿಲ್ಲ. ಈಗಿನ ಯುಇಎಫ್‌ಐ ಪದ್ಧತಿಯಲ್ಲಿ ಡಿಸ್ಕಿನ ಮೊದಲ ಸೆಕ್ಟರನ್ನು ನಂಬುವ ರೂಢಿ ಹೋಗಿ, ಪ್ರತ್ಯೇಕವಾಗಿಟ್ಟ ಒಂದು ಭಾಗದಲ್ಲಿ ಹೆಸರಿರುವ ಕಡತವನ್ನು ಯಂತ್ರ ಹುಡುಕುತ್ತದೆ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಆ ಕಡತದ ಮೇಲಿನ ಡಿಜಿಟಲ್ ಸಹಿಯನ್ನೂ ತಾಳೆ ನೋಡುತ್ತದೆ. ಇದು ಆಗಬೇಕಾಗಿದ್ದ ಕೆಲಸ. ಆದರೆ ಹೆಚ್ಚಿನ ಯಂತ್ರಗಳಿಗೆ ಬರುವ ಮುಖ್ಯ ಸಹಿ ಒಂದೇ ಕಂಪನಿಯದು, ಮೈಕ್ರೋಸಾಫ್ಟಿನದು ಎಂಬುದನ್ನೂ ತಿಳಿದಿರಬೇಕು. ಲಿನಕ್ಸಿನ ಹಲವು ಆವೃತ್ತಿಗಳು ಕೂಡ ಆ ಸಹಿ ಇರುವ ಪುಟ್ಟ ಪ್ರೋಗ್ರಾಮೊಂದರ ನೆರವಿನಿಂದ ಏಳುತ್ತವೆ.

ಇಲ್ಲಿಂದ ಮುಂದೆ ವಿಂಡೋಸ್ ಅಥವಾ ಲಿನಕ್ಸಿನ ಕೆಲಸ. ಇಲ್ಲೂ ಮೊದಲಿನದೇ ಇಕ್ಕಟ್ಟು ಎದುರಾಗುತ್ತದೆ: ಡಿಸ್ಕ್ ಓದಲು ಡ್ರೈವರ್ ಎಂಬ ಪ್ರೋಗ್ರಾಮ್ ಬೇಕು, ಡ್ರೈವರ್ ಇರುವುದೇ ಡಿಸ್ಕಿನಲ್ಲಿ. ಅದಕ್ಕೇ ಮೊದಲು ಬರುವ ಬೂಟ್ ಪ್ರೋಗ್ರಾಮ್ ಬಯೋಸಿನ ನೆರವು ಪಡೆದು ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲನ್ನೂ ಅದಕ್ಕೆ ತುರ್ತಾಗಿ ಬೇಕಾದ ಡ್ರೈವರುಗಳನ್ನೂ ರ‍್ಯಾಮಿಗೆ ತಂದಿಟ್ಟು ಹಿಂದೆ ಸರಿಯುತ್ತದೆ. ಕರ್ನೆಲ್ ಉಳಿದ ಸಾಧನಗಳನ್ನು ಗುರುತಿಸಿ, ಹಿನ್ನೆಲೆಯ ಸೇವೆಗಳನ್ನು ಆರಂಭಿಸಿದ ಮೇಲೆ ನಿಮ್ಮ ಪಾಸ್‌ವರ್ಡ್ ಕೇಳುವ ಪರದೆ ಬರುತ್ತದೆ.

ವಿಂಡೋಸ್ ಬಳಸುವವರು ಒಂದು ವಿಷಯ ತಿಳಿದಿರಬೇಕು. 2012ರ ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಟು ಬಂದಿದೆ. ಅದು ಚಾಲೂ ಇರುವ ಯಂತ್ರದಲ್ಲಿ ನೀವು ಶಟ್‌ಡೌನ್ ಮಾಡಿದರೆ ಕರ್ನೆಲ್ ಪೂರ್ತಿ ಮುಗಿಯುವುದಿಲ್ಲ. ವಿಂಡೋಸ್ ಅದರ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿ ತರುತ್ತದೆ. ಪ್ರಿಂಟರಿನ ಡ್ರೈವರ್ ತಲೆಕೆಟ್ಟಿದ್ದರೆ ಮರುದಿನವೂ ಅದು ಹಾಗೆಯೇ ಇರಬಹುದು. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಯಂತ್ರ ಸತಾಯಿಸುತ್ತಿದ್ದರೆ ಆರಿಸಿ ಹಚ್ಚುವ ಬದಲು ರೀಸ್ಟಾರ್ಟ್ ಮಾಡಿ ನೋಡಿ.

ಇಷ್ಟು ಹೆಜ್ಜೆಗಳಲ್ಲಿ ಎಲ್ಲಿ ತಪ್ಪಿದರೂ ಬರುವ ಸಂದೇಶ ಇಂಗ್ಲಿಷಿನಲ್ಲಿ. ಇದಕ್ಕೆ ತಾಂತ್ರಿಕ ಕಾರಣವೂ ಇತ್ತು. ಹಳೆಯ ಬಯೋಸಿನ ಪರದೆಗೆ ದಕ್ಕುತ್ತಿದ್ದದ್ದು 256 ಅಚ್ಚುಗಳು ಮಾತ್ರ. ನಮ್ಮ ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸುವ ಬುದ್ಧಿಯೂ ಅದಕ್ಕಿರಲಿಲ್ಲ. ಡಾಸ್ ಕಾಲದಲ್ಲಿ ಭಾರತೀಯ ಲಿಪಿಗಳಿಗಾಗಿ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡನ್ನೇ ಯಂತ್ರದೊಳಗೆ ಕೂರಿಸಬೇಕಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರಶೈಲಿ ಬಂದ ಮೇಲೆ ಕನ್ನಡ ಕಾರ್ಯವ್ಯವಸ್ಥೆಯೊಳಗೇ ಸೇರಿತು. ಆದರೆ ಅದು ಕಾಣುವುದು ಕಾರ್ಯವ್ಯವಸ್ಥೆ ಎದ್ದ ಮೇಲೆ ತಾನೇ? ಏಳುವ ಮೊದಲಿನ ದೋಷವನ್ನು ಕನ್ನಡದಲ್ಲಿ ಹೇಳುವ ಯಂತ್ರ ನಮಗೆ ಬೇಕು. ಇಂದಿನ ಯುಇಎಫ್‌ಐ ಚಿತ್ರವನ್ನೇ ಪರದೆಗೆ ಬರೆಯಬಲ್ಲದು, ಹಾಗಾಗಿ ತಂತ್ರಜ್ಞಾನದ ಅಡ್ಡಿಯಿದೆ ಎಂದು ಈಗ ಹೇಳುವಂತಿಲ್ಲ. ನಮ್ಮಲ್ಲಿ ಮಾರುವ ತಯಾರಕರನ್ನು ನಾವು ಕೇಳಬೇಕು.

ಸದ್ಯಕ್ಕೆ ನೀವು ಮಾಡಬಹುದಾದ್ದು ಇಷ್ಟು. ಯಂತ್ರ ಏಳದಿದ್ದಾಗ ಫ್ಯಾನ್ ತಿರುಗಿತೇ, ಬೀಪ್ ಬಂತೇ, ಯಾವ ದೀಪ ಹೊತ್ತಿತ್ತು, ಚಿಹ್ನೆ ಕಂಡಿತೇ ಎಂದು ನೋಡಿಕೊಳ್ಳಿ. ಇಂಗ್ಲಿಷ್ ಸಾಲು ಬಂದರೆ ಮೊಬೈಲಿನಲ್ಲಿ ಫೋಟೋ ಹಿಡಿಯಿರಿ. ವಿಂಡೋಸ್ ನಿಮ್ಮ ಡಿಸ್ಕಿಗೆ ಬಿಟ್‌ಲಾಕರಿನಿಂದ ಬೀಗ ಹಾಕಿದ್ದರೆ ಅದಕ್ಕೆ 48 ಅಂಕಿಗಳ ಒಂದು ಕೀಲಿ ಇರುತ್ತದೆ. ಮದರ್‌ಬೋರ್ಡ್ ಬದಲಿಸಿದಾಗ, ಕೆಲವೊಮ್ಮೆ ಬಯೋಸ್ ಮುಟ್ಟಿದಾಗಲೂ ಯಂತ್ರ ಆ ಕೀಲಿಯನ್ನು ಕೇಳುತ್ತದೆ. ಅದಿಲ್ಲದೆ ಕಡತಗಳು ಸಿಗುವುದಿಲ್ಲ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಕಾಗದದ ಮೇಲೆ ಬರೆದು ಎತ್ತಿಡಿ. ಕೊನೆಯದಾಗಿ, ಫಾರ್ಮ್ಯಾಟಿನ ಮಾತು ಬಂದರೆ ‘ಯಂತ್ರ ಯಾವ ಹೆಜ್ಜೆಯಲ್ಲಿ ನಿಂತಿದೆ?’ ಎಂದು ಮೊದಲು ಕೇಳಿ. ತೊಂದರೆ ವಿಂಡೋಸಿನದೇ ಎಂದಾದರೂ, ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿಯೋ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಚ್ಚಿಯೋ ಕಡತಗಳನ್ನು ನಕಲು ಮಾಡಿಕೊಡಿ ಎಂದು ಕೇಳಿ. ಆ ನಕಲು ನಿಮ್ಮ ಕೈಗೆ ಬರುವ ತನಕ ಫಾರ್ಮ್ಯಾಟಿಗೆ ಒಪ್ಪಬೇಡಿ.